ಮಿಲ್ಲಿನ ಕಡತಕ್ಕೆ ಕೋರಾ ಬಟ್ಟೆಯೇ ಸರಿ

ದಾವಣಗೆರೆ ಹೊರಗಿನ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಿಲ್ಲಿನ ಹಿಂದೆ ಭದ್ರಾ ನಾಲೆಯ ಗದ್ದೆಗಳು, ಪಕ್ಕದಲ್ಲಿ ಭತ್ತ ಬೇಯಿಸುವ ಹಬೆ. ಏಪ್ರಿಲ್‌ನಲ್ಲಿ ತಗಡಿನ ಮಾಡು ಕಾಯುತ್ತದೆ, ಜುಲೈನಲ್ಲಿ ಗೋಡೆ ಬೆವರುತ್ತದೆ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಲೇಬೇಕು. ಅಷ್ಟು ದಿನ ಕಾಗದ ಉಳಿಯಬೇಕಲ್ವಾ?

ಎಲ್ಲರೂ ಪ್ಲಾಸ್ಟಿಕ್ ಹಾಕಿ ಅಂದರು. ಫೋಲ್ಡರು, ಕವರು ಅಂತ ಹತ್ತಿರ ಹತ್ತಿರ 9,000 ರೂಪಾಯಿ ಹೋಯಿತು. ಮೆತ್ತನೆ ಪಿವಿಸಿ ಕವರಿಗೆ ಲೇಸರ್ ಪ್ರಿಂಟಿನ ಶಾಯಿ ಹತ್ತಿಕೊಂಡಿತು. ಹಾಳೆ ಎಳೆದರೆ ಇನ್‌ವಾಯ್ಸ್ ನಂಬರು ಕವರಿನಲ್ಲೇ ಉಳಿಯಿತು, ಹಾಳೆಯಲ್ಲಿ ಬರೀ ಬೂದು ಕಲೆ. ಒಳಗೆ ಸೇರಿದ ತೇವ ಹೊರಗೆ ಬರಲು ದಾರಿಯೇ ಇಲ್ಲ, ಬೂಸ್ಟು ಬಂತು. ಲೆವರ್ ಫೈಲು ತರಿಸಿದರೆ ಅದರ ಕಂಬಿಗೆ ತುಕ್ಕು. ರಬ್ಬರ್ ಬ್ಯಾಂಡ್ ಬಿಸಿಲಿಗೆ ಕರಗಿ ಚಲನ್‌ಗಳ ಅಂಚಿಗೆ ಅಂಟಿತು. ಬಿಡಿಸಿದರೆ ಕಾಗದವೂ ಬಂತು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಆಗ ಹಳೇ ರೆಕಾರ್ಡ್ ರೂಮಿನ ಹಾಗೆ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟು ಮಾಡೋಣ ಅಂದೆ. ಸಾವ್ಕಾರ್ರು ನಕ್ಕರು. "ಏನಪ್ಪಾ, ತಾಲ್ಲೂಕು ಕಚೇರಿ ಮಾಡೋಕೆ ಹೊರಟಿದ್ದೀಯಾ?" "ಒಂದು ಮಳೆಗಾಲ ನೋಡಿ ಸಾವ್ಕಾರ್ರೇ" ಅಂದೆ.

ಬಣ್ಣ ಹಾಕದ ಕೋರಾ ಬಟ್ಟೆ ತಂದೆ, ಮೀಟರಿಗೆ ಸುಮಾರು 45 ರೂಪಾಯಿ ಬಿತ್ತು. ಹೊಸ ಕೋರಾದಲ್ಲಿ ಗಂಜಿ ಇರುತ್ತದೆ. ಬೆಳ್ಳಿ ಹುಳಕ್ಕೆ ಅದೇ ಊಟ. ಬಿಸಿನೀರಲ್ಲಿ ಎರಡು ಸಲ ಒಗೆದು ಗಂಜಿ ಬಿಡಿಸಲೇಬೇಕು. ಕೊನೆಯ ನೀರಿಗೆ ನಾನು ಏನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮೇಲೆ ಕೆಳಗೆ ದಪ್ಪ ರಟ್ಟು, ನಡುವೆ ಹಾಳೆ ಪೋಣಿಸುವ ನೂಲಿನ ಟ್ಯಾಗು. ಟ್ಯಾಗಿನ ತುದಿ ಪ್ಲಾಸ್ಟಿಕ್ಕಿನದೇ ಇರಬೇಕು, ತಗಡಿನದು ತುಕ್ಕು ಹಿಡಿದು ತೂತಿನ ಸುತ್ತ ಕೆಂಪು ಕಲೆ ಮಾಡುತ್ತದೆ. ಪಿನ್ನು, ಕ್ಲಿಪ್ಪು ಎಲ್ಲ ಮೊದಲೇ ಕಿತ್ತುಬಿಡಿ. ಕಟ್ಟಿನ ಹೆಸರನ್ನು ಬಟ್ಟೆ ಚೂರಿನ ಮೇಲೆ ಬರೆದು ಹೊಲಿಸಿದೆ. ಅಂಟಿನ ಲೇಬಲ್ಲು ಬೇಸಿಗೆ ದಾಟುವುದಿಲ್ಲ.

ಮುಖ್ಯ ವಿಷಯ ಬೇರೆ. ಕಟ್ಟುವುದು ಫೆಬ್ರವರಿ, ಮಾರ್ಚ್‌ನಲ್ಲಿ ಮಾತ್ರ. ಒಣಗಿದ ಕಾಗದ ಕಟ್ಟಿದರೆ ಒಣಗೇ ಇರುತ್ತದೆ. ಆಗಸ್ಟ್‌ನಲ್ಲಿ ಕಟ್ಟಿದರೆ ತೇವವನ್ನೂ ಸೇರಿಸಿ ಕಟ್ಟಿದ ಹಾಗೆ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟೆ, ಕೆಳಗಿನ ಖಾನೆ ಖಾಲಿ ಬಿಟ್ಟೆ. ಕಟ್ಟುಗಳನ್ನು ತುರುಕಲಿಲ್ಲ.

ನಡುವೆ ಒಂದು ಪ್ರಯೋಗವೂ ನಡೆಯಿತು. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಜಾಸ್ತಿ, ನಮ್ಮ ಬಾಯ್ಲರಿನಲ್ಲಿ ಅದು ಬೇಕಾದಷ್ಟು. ತೇವ ಎಳೆಯಲಿ ಅಂತ ಚೀಲದಲ್ಲಿ ತುಂಬಿ ಬೀರುವಿನೊಳಗೆ ಇಟ್ಟೆ. ತೇವ ಸ್ವಲ್ಪ ಎಳೆಯಿತು ನಿಜ, ಆದರೆ ಕರಿ ಧೂಳು ಎಲ್ಲ ಕಡೆ. ಬಿಟ್ಟೆ. ತೇವ ಹೀರುವ ನೀಲಿ ಹರಳು, ಸಿಲಿಕಾ ಜೆಲ್, ಒಳ್ಳೆಯದು, ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿ. ಒಂದು ಡಬ್ಬ ಮುಖ್ಯ ದಾಖಲೆಗಳ ಬೀರುವಿಗೆ ಸಾಕು. ನುಸಿಗುಳಿಗೆ ಹಾಕಿ ಬೂಸ್ಟು ತಡೆಯಬಹುದು ಅಂದುಕೊಂಡರೆ ದುಡ್ಡು ದಂಡ.

ನಮಗೆ ಬರುವ ವೇಬ್ರಿಡ್ಜ್ ಚೀಟಿ, ಅಂದರೆ ಲಾರಿ ತೂಗಿದ ಚೀಟಿ, ಮಾತ್ರ ಬೇರೆ ಜಾತಿ. ಶಾಖಕ್ಕೆ ಅಚ್ಚಾಗುವ ಕಾಗದ ಅದು, ಶಾಖಕ್ಕೇ ಹಾಳಾಗುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಮಳೆಗಾಲ ಮುಗಿದು ಕಟ್ಟು ಬಿಚ್ಚಿದಾಗ ಹಾಳೆಗಳು ಗರಿಗರಿ. ಸಾವ್ಕಾರ್ರೇ ಮೂಸಿ ನೋಡಿದರು. ಒಟ್ಟು ಖರ್ಚು 4,000 ದಾಟಿರಲಿಲ್ಲ. ನಮ್ಮ ಆಡಿಟರ್ ಕಚೇರಿಯವರೂ ಈಗ ಕೋರಾ ತರಿಸಿದ್ದಾರೆ. ಅಳತೆ ನಾನೇ ಕೊಟ್ಟೆ: ಎ4 ಕಟ್ಟಿಗೆ ಒಂದು ಮೀಟರ್ ಚೌಕ, ಲೀಗಲ್ ಹಾಳೆಗೆ ನಾಲ್ಕು ಬೆರಳು ಜಾಸ್ತಿ.