‘ಬೈ’ ಕಂಡರೆ ಅದರ ಮುಂದಿನ ಪದ ನೋಡಿ

ಹೋಟೆಲಿನಲ್ಲಿ ‘ಒಂದು ಬೈಟು ಕಾಫಿ’ ಅಂದರೆ ಒಂದೇ ಕಾಫಿ ಎರಡು ಲೋಟಕ್ಕೆ ಹಂಚಿಕೊಂಡು ಬರುತ್ತದೆ. ಇಂಗ್ಲಿಷಿನ ಅದೇ ‘ಬೈ’ ಸೈಟಿನ ಲೆಕ್ಕಕ್ಕೆ ಬಂದರೆ ಭಾಗಿಸುವುದಿಲ್ಲ, ಗುಣಿಸುತ್ತದೆ: 30 ಬೈ 40 ಅಂದರೆ 1,200 ಚದರಡಿ. ಡಾಕ್ಟರು ಬಿಪಿ ‘120 ಬೈ 80’ ಅಂದಾಗ ಗುಣಿಸುವುದೂ ಇಲ್ಲ, ಭಾಗಿಸುವುದೂ ಇಲ್ಲ. ಮೇಲಿನದೊಂದು ಅಂಕಿ, ಕೆಳಗಿನದೊಂದು ಅಂಕಿ, ಅಷ್ಟೆ. ಅಂದ ಹಾಗೆ ಅಮೆರಿಕ, ಇಂಗ್ಲೆಂಡಿನಲ್ಲಿ ಇದನ್ನು ‘120 ಓವರ್ 80’ ಎನ್ನುತ್ತಾರೆ. ಮಕ್ಕಳ ಮನೆಗೆಂದು ಅಲ್ಲಿಗೆ ಹೋದ ಹಿರಿಯರಿಗೆ ಇದು ಗೊತ್ತಿದ್ದರೆ ಅನುಕೂಲ.

ಹಾಗಾಗಿ ‘ಬೈ ಅಂದರೆ ಇಂದ’ ಎಂದು ಉರು ಹೊಡೆದವರಿಗೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಅದಕ್ಕಿಂತ ‘ಬೈ’ ಆದಮೇಲೆ ಬರುವ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅದು ಹೊತ್ತೋ, ಸಂಖ್ಯೆಯೋ, ಮನುಷ್ಯರೋ, ವಾಹನವೋ ಎಂದು ನೋಡಿಕೊಂಡರೆ ಅರ್ಥ ತಾನೇ ಸಿಗುತ್ತದೆ.

ಹೊತ್ತು ಇದ್ದರೆ

ಹೆಚ್ಚು ಎಡವುವುದು ಇಲ್ಲೇ. ‘ಬೈ ಫ್ರೈಡೇ’ ಅಂದರೆ ಶುಕ್ರವಾರದೊಳಗೆ, ‘ಟಿಲ್ ಫ್ರೈಡೇ’ ಅಂದರೆ ಶುಕ್ರವಾರದವರೆಗೆ. ಯಾವುದು ಬೇಕೆಂದು ತೀರ್ಮಾನಿಸಲು ಕ್ರಿಯಾಪದ ನೋಡಿ. ಒಮ್ಮೆ ಮಾಡಿದರೆ ಮುಗಿಯುವ ಕೆಲಸಕ್ಕೆ, ಅಂದರೆ ಪೇ, ಸಬ್ಮಿಟ್, ರೀಚ್, ರಿಟರ್ನ್ ಮುಂತಾದವಕ್ಕೆ, ‘ಬೈ’. ಅಲ್ಲಿಯತನಕ ಎಳೆದುಕೊಂಡು ಹೋಗುವ ವೇಟ್, ಸ್ಟೇ, ಕಂಟಿನ್ಯೂ ಇಂಥವಕ್ಕೆ ‘ಟಿಲ್’. ‘ಪೇ ದ ಫೀಸ್ ಟಿಲ್ ಫ್ರೈಡೇ’ ಎಂದು ಬರೆದರೆ ಶುಕ್ರವಾರ ಬರುವತನಕ ಕಟ್ಟುತ್ತಲೇ ಇರಿ ಎಂದಂತಾಗುತ್ತದೆ.

‘ಬಿ’ ಕ್ರಿಯಾಪದ ಎರಡನ್ನೂ ಒಪ್ಪುತ್ತದೆ, ಅದಕ್ಕೇ ಅಪಾಯ. ‘ಐ ವಿಲ್ ಬಿ ಇನ್ ದಿ ಆಫೀಸ್ ಬೈ ಸಿಕ್ಸ್’ ಎಂದರೆ ಆರರೊಳಗೆ ಬಂದಿರುತ್ತೇನೆ. ‘ಟಿಲ್ ಸಿಕ್ಸ್’ ಎಂದರೆ ಆರರವರೆಗೆ ಇರುತ್ತೇನೆ. ವ್ಯಾಕರಣ ಎರಡರಲ್ಲೂ ಸರಿ. ಆದರೆ ಅದಲುಬದಲಾದರೆ ನೀವು ಬಾಗಿಲು ಹಾಕಿಕೊಂಡು ಹೊರಡುವ ಹೊತ್ತಿಗೆ ನಿಮ್ಮನ್ನು ಕಾಣಲು ಬಂದವರು ಮೆಟ್ಟಿಲು ಹತ್ತುತ್ತಿರುತ್ತಾರೆ.

ಇನ್ನೊಂದು ತಕರಾರು: ‘ಬೈ ಫ್ರೈಡೇ’ ಅಂದಾಗ ಶುಕ್ರವಾರವೂ ಲೆಕ್ಕಕ್ಕೆ ಸೇರುತ್ತದೆಯೇ? ಸಾಮಾನ್ಯ ಬಳಕೆಯಲ್ಲಿ ಸೇರುತ್ತದೆ. ಆದರೆ ಗುರುವಾರವೇ ಕೊನೆ ಎಂದುಕೊಳ್ಳುವವರೂ ಇದ್ದಾರೆ. ವಾದ ಬೇಡ, ‘ಬೈ 5 ಪಿಎಂ ಆನ್ ಫ್ರೈಡೇ’ ಎಂದು ಗಂಟೆ ಹಾಕಿಬಿಡಿ.

‘ಬೈ ದ ಟೈಮ್’ ಬಂದರೆ ನಮ್ಮ ‘ಅಷ್ಟರಲ್ಲಿ’: ‘ಬೈ ದ ಟೈಮ್ ವಿ ರೀಚ್ಡ್, ದ ಬಸ್ ಹ್ಯಾಡ್ ಲೆಫ್ಟ್’. ನಾವು ತಲುಪುವಷ್ಟರಲ್ಲಿ ಬಸ್ಸು ಹೋಗಿತ್ತು. ಕನ್ನಡದ ಆ ‘ಇತ್ತು’ ಬಂದಲ್ಲಿ ಇಂಗ್ಲಿಷಿನ ‘ಹ್ಯಾಡ್’ ಮರೆಯಬೇಡಿ.

ಸಂಖ್ಯೆ ಇದ್ದರೆ

ಬಾಡಿಗೆ 15,000 ಇದೆ ಎನ್ನಿ. ‘ಇನ್‌ಕ್ರೀಸ್ಡ್ ಬೈ 2,000’ ಎಂದರೆ ಹೊಸ ಬಾಡಿಗೆ 17,000. ಇದನ್ನೇ ‘ಇನ್‌ಕ್ರೀಸ್ಡ್ ಟು 17,000’ ಎಂದೂ ಬರೆಯಬಹುದು. ಕರಾರುಪತ್ರದಲ್ಲಿ ‘ಬೈ’ ಇರಬೇಕಾದಲ್ಲಿ ‘ಟು’ ಬಿದ್ದರೆ 15,000 ಇದ್ದ ಬಾಡಿಗೆ 2,000ಕ್ಕೆ ‘ಏರಿತು’ ಎಂದು ಓದಬೇಕಾಗುತ್ತದೆ! ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ: ‘2,000 ಏರಿಸಿದರು’, ‘17,000ಕ್ಕೆ ಏರಿಸಿದರು’. ‘ಕ್ಕೆ’ ಬಂದಲ್ಲಿ ‘ಟು’, ಬರೀ ಸಂಖ್ಯೆ ಬಂದಲ್ಲಿ ‘ಬೈ’.

ಮನುಷ್ಯರು, ಸಾಧನ, ವಾಹನ

ಮಾಡಿದವರು ‘ಬೈ’, ಹಿಡಿದ ಸಾಧನ ‘ವಿತ್’. ‘ಕಟ್ ಬೈ ದ ಕುಕ್ ವಿತ್ ಎ ನೈಫ್’. ಕನ್ನಡದಲ್ಲಿ ‘ಅಡುಗೆಯವರಿಂದ’, ‘ಚಾಕುವಿನಿಂದ’ ಎಂದು ಎರಡಕ್ಕೂ ‘ಇಂದ’ ಇರುವುದರಿಂದಲೇ ಗೊಂದಲ. ‘ಮೂರು ವರ್ಷದಿಂದ’ ಎಂಬುದರ ‘ಇಂದ’ ಮತ್ತೆ ಬೇರೆ, ಅದಕ್ಕೆ ‘ಫಾರ್ ತ್ರೀ ಇಯರ್ಸ್’.

ವಾಹನಕ್ಕೆ ‘ಬೈ ಬಸ್’, ‘ಬೈ ಟ್ರೈನ್’. ನಡುವೆ ‘ಎ’, ‘ದ’, ‘ಮೈ’ ಯಾವುದೂ ಬರಬಾರದು. ನಿಮ್ಮದೇ ಕಾರಾದರೆ ‘ಇನ್ ಮೈ ಕಾರ್’. ನಮ್ಮ ಕಡೆ ಧಾರಾಳವಾಗಿ ಕೇಳುವ ‘ಬೈ ವಾಕ್’ ಇಂಗ್ಲಿಷಿನಲ್ಲಿ ಇಲ್ಲ. ‘ಆನ್ ಫುಟ್’ ಎನ್ನಿ, ಇಲ್ಲವೇ ‘ಐ ವಾಕ್ಡ್’ ಸಾಕು.

‘ಬೈ’ ನಂತರದ ಪದ ‘ಇಂಗ್’ ಎಂದು ಮುಗಿದರೆ ಅದು ವಿಧಾನ. ‘ಬೈ ಪ್ರೆಸ್ಸಿಂಗ್ ದ ಬಟನ್’ ಎಂಬುದನ್ನು ‘ಗುಂಡಿ ಒತ್ತುವ ಮೂಲಕ’ ಎಂದು ಅನುವಾದಿಸುವ ಚಟ ಎಲ್ಲೆಲ್ಲೂ ಹಬ್ಬಿದೆ. ‘ಗುಂಡಿ ಒತ್ತಿ’ ಅಂದರೆ ಮುಗಿಯಿತಲ್ಲ.

‘ಬೈಹಾರ್ಟ್ ಮಾಡು’ ಕನ್ನಡದಲ್ಲಿ ಚೆನ್ನಾಗಿ ಒಗ್ಗಿದೆ, ಅಲ್ಲೇ ಇರಲಿ. ಇಂಗ್ಲಿಷಿನಲ್ಲಿ ‘ಐ ಬೈಹಾರ್ಟೆಡ್ ಇಟ್’ ನಡೆಯದು, ‘ಐ ಲರ್ನ್ಟ್ ಇಟ್ ಬೈ ಹಾರ್ಟ್’ ಎನ್ನಬೇಕು.

ಕೊನೆಗೆ ಕಾಗುಣಿತ. ಈವರೆಗೆ ಹೇಳಿದ್ದೆಲ್ಲ ಬಿ-ವೈ. ಕೊಳ್ಳುವುದಕ್ಕೆ ಬಿ-ಯು-ವೈ. ಬೀಳ್ಕೊಡುವುದಕ್ಕೂ ಕ್ರಿಕೆಟ್ಟಿನ ಬೈ ರನ್ನಿಗೂ ಬಿ-ವೈ-ಇ. ಮೂರೂ ಸರಿಯಾದ ಪದಗಳೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೂ ಕಂಪ್ಯೂಟರ್ ಕೆಂಪು ಗೆರೆ ಎಳೆಯದಿರಬಹುದು. ಪತ್ರ ಕಳಿಸುವ ಮೊದಲು ಕಣ್ಣಾಡಿಸಬೇಕಾದವರು ನೀವೇ.