ಬೈಕ್ ಸವಾರಿಗೆ ಕೊನೆಗೂ ಹೊಂದಿಕೊಂಡ ಪುಟ್ಟ ಪ್ಲೇಯರ್: ನನ್ನ ಅನುಭವ

"ಕೈಯಲ್ಲಿ ಫೋನ್ ಇಟ್ಟುಕೊಂಡು ಎಂಪಿ3 ಪ್ಲೇಯರ್ ಹುಡುಕ್ತಾ ಇದೀಯಲ್ಲ, ಏನಾಗಿದೆ ನಿಂಗೆ?" ನನ್ನ ಜೊತೆ ಬೈಕ್ ಓಡಿಸುವವರೆಲ್ಲಾ ಕೇಳಿದ ಮಾತು ಇದು. ಈಗ ಎರಡು ವರ್ಷದ ಮೇಲಾಯಿತು. ಹದಿನೆಂಟೋ ಹತ್ತೊಂಬತ್ತೋ ಸಾವಿರ ಕಿಲೋಮೀಟರ್ ಒಂದೇ ಪ್ಲೇಯರ್ ಜೊತೆ ಓಡಿಸಿದ್ದೇನೆ. ಅವತ್ತು ಹಾಗೆ ಕೇಳಿದವರಲ್ಲಿ ಮೂವರು ಈಗ ಅದೇ ಮಾಡೆಲ್ ಎಲ್ಲಿ ಸಿಗುತ್ತೆ ಅಂತ ನನ್ನನ್ನೇ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಓಡಿಸುವಾಗ ಎರಡೂ ಕಿವಿಗೆ ಇಯರ್‌ಫೋನ್ ಹಾಕುವುದು ಎಷ್ಟೋ ಕಡೆ ಕಾನೂನಿಗೆ ವಿರುದ್ಧ. ನಿಮ್ಮ ಕಡೆ ಏನಿದೆ ಅಂತ ನೋಡಿಕೊಳ್ಳಿ. ನಾನಂತೂ ಖಾಲಿ ಹೆದ್ದಾರಿಯಲ್ಲಿ ಮಾತ್ರ ಹಾಡು ಹಾಕುತ್ತೇನೆ. ಟ್ರಾಫಿಕ್ ಶುರುವಾದ ತಕ್ಷಣ ನಿಲ್ಲಿಸುತ್ತೇನೆ. ಹಾಗೆ ತಕ್ಷಣ ನಿಲ್ಲಿಸೋಕೆ ಆಗಬೇಕು ಅನ್ನುವುದೇ ನನ್ನ ಹುಡುಕಾಟದ ಮುಖ್ಯ ಶರತ್ತಾಗಿತ್ತು.

ಶುರುವಾಗಿದ್ದು ಎಲ್ಲರ ಹಾಗೆ ಫೋನಿನಿಂದಲೇ. ಹ್ಯಾಂಡಲ್‌ಬಾರ್ ಮೇಲೆ ಹೋಲ್ಡರ್, ಅದರಲ್ಲಿ ಫೋನ್. ನನ್ನದು ಸಿಂಗಲ್ ಸಿಲಿಂಡರ್ ಬೈಕ್, ನಡುಕ ಜಾಸ್ತಿ. ಐದಾರು ತಿಂಗಳಲ್ಲಿ ಫೋನಿನ ಕ್ಯಾಮೆರಾ ಫೋಕಸ್ ಆಗುವುದನ್ನೇ ಬಿಟ್ಟಿತು. ಇಂಜಿನ್ ನಡುಕಕ್ಕೆ ಕ್ಯಾಮೆರಾ ಒಳಗಿನ ಸ್ಟೆಬಿಲೈಸರ್ ಹಾಳಾಗಬಹುದು ಅಂತ ಆಪಲ್ 2021ರಲ್ಲೇ ತನ್ನ ಗ್ರಾಹಕರಿಗೆ ಹೇಳಿತ್ತು. ನನ್ನ ಫೋನ್ ಬೇರೆ ಕಂಪನಿಯದು, ಆದರೆ ಆ ಎಚ್ಚರಿಕೆ ನನ್ನ ಕಣ್ಣಿಗೆ ಬಿದ್ದಿದ್ದು ರಿಪೇರಿಗೆ ದುಡ್ಡು ಕೊಟ್ಟ ಮೇಲೆ. ಆಮೇಲೆ ಫೋನನ್ನು ಜೇಬಿಗೆ ಹಾಕಿದೆ. ಗ್ಲೌಸ್ ಹಾಕಿದ ಕೈಗೆ ಟಚ್ ಸ್ಕ್ರೀನ್ ಸಿಗುವುದಿಲ್ಲ, ಸಿಕ್ಕರೂ ನೋಡದೆ ಒತ್ತೋಕಾಗಲ್ಲ. ಬೇಡದ ಹಾಡು ಬಂದರೆ ಕೇಳುತ್ತಾ ಕೂರಬೇಕು. ನಡುವೆ ಯಾರದೋ ಕರೆ, ಮೆಸೇಜಿನ ಟಿಂಗ್ ಬೇರೆ.

ಬ್ಲೂಟೂತ್ ಇಯರ್‌ಬಡ್ಸ್ ಕಥೆ ಬೇಗ ಮುಗಿಯುತ್ತೆ. ಹೆಲ್ಮೆಟ್ ಹಾಕುವಾಗ ಒಂದು ಓರೆಯಾಗುತ್ತೆ, ತೆಗೆಯುವಾಗ ಇನ್ನೊಂದು ಹಾರಿ ಬೀಳುತ್ತೆ. ಬಲಗಡೆಯದು ರಸ್ತೆ ಪಕ್ಕದ ಹುಲ್ಲಿನಲ್ಲಿ ಹೋಗಿದ್ದು ಹೋಯಿತು.

ಹೆಚ್ಚು ದುಡ್ಡು ಹೋಗಿದ್ದು ಹೆಲ್ಮೆಟ್ ಒಳಗೆ ಕೂರಿಸುವ ಇಂಟರ್‌ಕಾಮ್ ಸ್ಪೀಕರ್‌ಗೆ. ಅರವತ್ತರ ವೇಗದವರೆಗೆ ಚೆನ್ನಾಗಿತ್ತು. ತೊಂಬತ್ತು ದಾಟಿದರೆ ಬರೀ ಗಾಳಿ. ವಾಲ್ಯೂಮ್ ಏರಿಸುತ್ತಾ ಏರಿಸುತ್ತಾ ಕೊನೆಗೆ ಪೂರ್ತಿ ಇಟ್ಟೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ಕುಂಯ್ ಅನ್ನುವ ಸದ್ದು ಬೆಳಗಿನವರೆಗೂ ಹೋಗಲಿಲ್ಲ. ನಿಜವಾಗಿ ಹೆದರಿದ್ದು ಆಗಲೇ. ನೂರು ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯದೇ 95-100 ಡೆಸಿಬೆಲ್ ಸದ್ದು ಇರುತ್ತೆ. ಕೆಲಸದ ಜಾಗದಲ್ಲಿ ಜನರ ಆರೋಗ್ಯ, ಸುರಕ್ಷತೆ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಯಾಷ್ (NIOSH) ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಅನ್ನು ಎಂಟು ಗಂಟೆ ಕೇಳಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತೆ. ಅಂದರೆ ನೂರು ಡೆಸಿಬೆಲ್‌ಗೆ ಬರೀ ಕಾಲು ಗಂಟೆ. ಅದರ ಮೇಲೆ ನಾನು ಹಾಡು ಬೇರೆ ಸುರಿಯುತ್ತಿದ್ದೆ. ಫೋಮ್ ಇಯರ್‌ಪ್ಲಗ್ ಹಾಕಿಕೊಂಡು ಅದರ ಮೇಲೆ ಸ್ಪೀಕರ್ ಕೇಳುವ ಪ್ರಯೋಗವನ್ನೂ ಮಾಡಿದೆ. ನೀವು ನಂಬುವುದಿಲ್ಲ, ಹಾಗೆ ಕೇಳಿದರೆ ಮೊದಲಿಗಿಂತ ಸ್ಪಷ್ಟವಾಗಿತ್ತು! ಆದರೆ ತಾಳದ ಝಣ್ ಅನ್ನುವ ಮೇಲಿನ ಸದ್ದೆಲ್ಲಾ ಸತ್ತು, ಗೋಡೆಯ ಆಚೆ ಯಾರೋ ಹಾಡಿದ ಹಾಗಿತ್ತು.

ಪಾಠ ಸಿಕ್ಕಿತು. ಗಾಳಿಯನ್ನು ಕಿವಿಯಲ್ಲೇ ತಡೆಯಬೇಕು, ಹಾಡು ತಡೆಯ ಒಳಗಿನಿಂದ ಬರಬೇಕು. ಅಂದರೆ ಫೋಮ್ ಟಿಪ್ ಇರುವ ವೈರ್ ಇಯರ್‌ಫೋನ್, ಅದಕ್ಕೆ ನೋಡದೆ ಒತ್ತಬಹುದಾದ ಬಟನ್ ಇರುವ ಪ್ಲೇಯರ್. ಇಷ್ಟು ಹೊಳೆಯೋ ಹೊತ್ತಿಗೆ ಕಳೆದ ದುಡ್ಡಿನಲ್ಲಿ ಒಂದು ಒಳ್ಳೆ ಹೆಲ್ಮೆಟ್ ಬಂದು, ಮೇಲೆ ಗ್ಲೌಸ್ ಕೂಡ ಬರುತ್ತಿತ್ತು.

ಪ್ಲೇಯರ್ ಆರಿಸೋಕೆ ನಾನೇ ಒಂದು ಪರೀಕ್ಷೆ ಮಾಡಿಕೊಂಡೆ. ಚಳಿಗಾಲದ ದಪ್ಪ ಗ್ಲೌಸ್ ಹಾಕಿ, ಕಣ್ಣು ಮುಚ್ಚಿ, ಎಡಗೈಯಿಂದ ಮಾತ್ರ ಹತ್ತು ಸಲ ನಿಲ್ಲಿಸು, ಹತ್ತು ಸಲ ಮುಂದಿನ ಹಾಡು, ಹತ್ತು ಸಲ ವಾಲ್ಯೂಮ್ ಇಳಿಸು. ಎರಡಕ್ಕಿಂತ ಜಾಸ್ತಿ ತಪ್ಪಿದರೆ ಆ ಪ್ಲೇಯರ್ ಬೇಡ. ಎಡಗೈ ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ, ಬಲಗೈ ಆಕ್ಸಿಲರೇಟರ್ ಬಿಡುವ ಹಾಗಿಲ್ಲವಲ್ಲ. ಗೆಳೆಯರಿಂದ ಎರವಲು ತಂದಿದ್ದು, ಹಳೆಯದು ಕೊಂಡಿದ್ದು ಎಲ್ಲಾ ಸೇರಿ ಆರೇಳು ಪ್ಲೇಯರ್ ನೋಡಿದೆ. ಟಚ್ ಇರುವುದೆಲ್ಲಾ ಮೊದಲ ನಿಮಿಷದಲ್ಲೇ ಹೋಯಿತು. ಒಂದರಲ್ಲಿ ಒಳಗೆ ಹಾರ್ಡ್ ಡಿಸ್ಕ್ ಇತ್ತು. ಧ್ವನಿ ಬಹಳ ಚೆನ್ನಾಗಿತ್ತು, ಆದರೆ ಕೆಟ್ಟ ರಸ್ತೆಗೆ ತಿರುಗುವ ಡಿಸ್ಕ್ ಆಗಿಬರಲ್ಲ. ಎರಡನೇ ವಾರಕ್ಕೆ ಕಟಕಟ ಶುರುವಾಯಿತು.

ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಗೆದ್ದಿದ್ದು ಆಪಲ್‌ನ ಪುಟ್ಟ ಪ್ಲೇಯರ್ ಐಪಾಡ್ ಶಫಲ್, 2006ರಲ್ಲಿ ಬಂದ ಎರಡನೇ ಪೀಳಿಗೆಯದು. ಪರದೆ ಇಲ್ಲ, ದುಂಡು ಬಟನ್, ಹಿಂದೆ ಕ್ಲಿಪ್, ತೂಕ ಹದಿನೈದು ಹದಿನಾರು ಗ್ರಾಂ. ಸವಾರರಿಗೆ ಅಂತಲೇ ಮಾಡಿದ ಹಾಗಿದೆ. ಆದರೆ ಶಫಲ್ ತಯಾರಿಕೆ 2017ರಲ್ಲೇ ನಿಂತಿತು. ನನಗೆ ಸಿಕ್ಕಿದ ಹಳೆಯ ಪೀಸಿನ ಬ್ಯಾಟರಿ ಎರಡು ಗಂಟೆಗೆ ಮುಗಿಯುತ್ತಿತ್ತು. ಹಾಡು ಹಾಕೋಕೆ ಜಾಗವೂ ಕಡಿಮೆ. ಹಳೆಯ ಶಫಲ್ ಕೊಳ್ಳುವವರು 2009ರ ಮೂರನೇ ಪೀಳಿಗೆಯದನ್ನು ಮಾತ್ರ ತಗೋಬೇಡಿ. ಅದರಲ್ಲಿ ಹಾಡು ಬದಲಿಸುವ ಬಟನ್ ಪ್ಲೇಯರ್ ಮೇಲಿಲ್ಲ, ಇಯರ್‌ಫೋನ್ ವೈರಿನ ಮೇಲಿದೆ. ಹೆಲ್ಮೆಟ್ ಪಟ್ಟಿ, ಜಾಕೆಟ್ ಕಾಲರ್ ನಡುವೆ ಅದನ್ನು ಹುಡುಕುವುದು ಎಲ್ಲಿ?

ಕೊನೆಗೆ ನಿಂತಿದ್ದು ಸ್ಯಾನ್‌ಡಿಸ್ಕ್ ಕ್ಲಿಪ್ ಪ್ಲಸ್. ಇದೂ ಹಳೆಯದೇ, ಇದೂ ಚಿಕ್ಕದೇ, ಆದರೆ ಮೈಕ್ರೋಎಸ್‌ಡಿ ಕಾರ್ಡ್ ಹಾಕಬಹುದು. ಹಳೆಯದು ಎರಡು ಕೊಂಡೆ. ಎರಡಕ್ಕೂ ಸೇರಿ ಕೊಟ್ಟಿದ್ದು ಇಂಟರ್‌ಕಾಮ್ ಬೆಲೆಯ ಹತ್ತನೇ ಒಂದು ಭಾಗ ಇರಬಹುದು, ಅಷ್ಟೇ. ಅದಕ್ಕೆ ರಾಕ್‌ಬಾಕ್ಸ್ ಹಾಕಿದೆ. ಅದು ಉಚಿತವಾಗಿ ಸಿಗುವ ಫರ್ಮ್‌ವೇರ್, ಅಂದರೆ ಕಂಪನಿ ಕೊಟ್ಟಿದ್ದರ ಬದಲು ಪ್ಲೇಯರನ್ನು ನಡೆಸುವ ಸಾಫ್ಟ್‌ವೇರ್. ನನ್ನ ಆಯ್ಕೆ ಗೆದ್ದಿದ್ದೇ ಇದರಿಂದ. ವಾಲ್ಯೂಮ್‌ಗೆ ಮಿತಿ ಹಾಕಬಹುದು. ಆನ್ ಮಾಡಿದ ಕೂಡಲೇ ನಿಂತ ಹಾಡಿನಿಂದಲೇ ಶುರುವಾಗುವ ಹಾಗೆ ಇಡಬಹುದು. ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಬಹುದು. ಒಂದೇ ಕಿವಿಗೆ ಹಾಕುವವರಿಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಅರ್ಧ ವಾದ್ಯ ಇನ್ನೊಂದು ಕಿವಿಯದಾಗಿ ಕಳೆದುಹೋಗುತ್ತೆ. ಇನ್ನು ಕಂಪ್ರೆಸರ್. ಮೆಲ್ಲಗೆ ಶುರುವಾಗಿ ಆಮೇಲೆ ಅಬ್ಬರಿಸುವ ಹಾಡುಗಳಿವೆಯಲ್ಲ, ಬೈಕ್ ಮೇಲೆ ಅವುಗಳ ಮೊದಲ ಅರ್ಧ ನಿಮಿಷ ಕೇಳಿಸುವುದೇ ಇಲ್ಲ. ಕಂಪ್ರೆಸರ್ ಹಾಕಿದರೆ ಮೆಲು ಭಾಗ ಮೇಲೆ ಬರುತ್ತೆ, ಅಬ್ಬರ ಅಲ್ಲೇ ನಿಲ್ಲುತ್ತೆ. ಮನೆಯಲ್ಲಿ ಕೂತು ಕೇಳಿದರೆ ಚೆನ್ನಾಗಿರಲ್ಲ. ಬೈಕ್ ಮೇಲೆ ಇದಿಲ್ಲದೆ ನಾನು ಈಗ ಕೇಳುವುದೇ ಇಲ್ಲ.

ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಮೆನು ಮಾತಾಡುವ ಸೌಲಭ್ಯ. ಕಣ್ಣು ಕಾಣದವರಿಗೂ ಬಳಸೋಕೆ ಆಗಲಿ ಅಂತ ಅದರಲ್ಲಿ ಮೆನುವನ್ನೂ ಫೋಲ್ಡರ್ ಹೆಸರನ್ನೂ ಓದಿ ಹೇಳುವ ವ್ಯವಸ್ಥೆ ಇದೆ. ರಸ್ತೆಯಿಂದ ಕಣ್ಣು ತೆಗೆಯಬಾರದವನಿಗೂ ಅದೇ ಬೇಕು, ಅಲ್ವಾ? ನನ್ನ ಫೋಲ್ಡರ್ ಹೆಸರುಗಳನ್ನು ನನ್ನದೇ ಧ್ವನಿಯಲ್ಲಿ ಕನ್ನಡದಲ್ಲಿ ರೆಕಾರ್ಡ್ ಮಾಡಿ ಹಾಕಿದ್ದೇನೆ. "ಬೆಳಗಿನ ಹಾಡು", "ನಿದ್ದೆ ಓಡಿಸುವವು" ಅಂತ ಅದು ನನ್ನ ಕಿವಿಯಲ್ಲೇ ಹೇಳುತ್ತೆ. ಮೂರು ಸಂಜೆ ಹಿಡಿಯಿತು. ಅದನ್ನು ಹೇಗೆ ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಫೋಮ್ ಟಿಪ್ ಸರಿಯಾಗಿ ಕೂತರೆ ಇಪ್ಪತ್ತೈದು ಡೆಸಿಬೆಲ್ ಮೇಲೆ ಗಾಳಿ ಸದ್ದು ಕಡಿಮೆಯಾಗುತ್ತೆ. ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲೆ ಹಿಂದಕ್ಕೆ ಎಳೆದು ಒಳಗೆ ಹಾಕಿ, ಅರ್ಧ ನಿಮಿಷ ಹಾಗೇ ಹಿಡಿದಿರಿ. ಆಮೇಲೆ ಹೆಲ್ಮೆಟ್. ಅವಸರ ಮಾಡಿದ ದಿನ ಎಡಗಿವಿ ಸಡಿಲವಾಗಿಯೇ ತೀರುತ್ತೆ. ಮೊದಲು ಪೂರ್ತಿ ವಾಲ್ಯೂಮ್ ಬೇಕಿದ್ದವನಿಗೆ ಈಗ ಅರ್ಧಕ್ಕಿಂತ ಕಡಿಮೆ ಸಾಕು. ಮಿತಿಯನ್ನೂ ಅಲ್ಲಿಗೇ ಕಟ್ಟಿದ್ದೇನೆ. ಟಿಪ್ ಎರಡು ಮೂರು ತಿಂಗಳಿಗೆ ಗಟ್ಟಿಯಾಗುತ್ತೆ, ಬದಲಿಸಬೇಕು. ಈಗ ನನಗಿರುವ ಖರ್ಚು ಇದೊಂದೇ.

ವೈರ್ ನನ್ನನ್ನು ಬಹಳ ಕಾಡಿತು. ತಲೆ ತಿರುಗಿಸಿದಾಗೆಲ್ಲಾ ಜ್ಯಾಕ್ ಹತ್ತಿರ ಎಳೆದು ಎಳೆದು ಎರಡು ಇಯರ್‌ಫೋನ್ ಸತ್ತವು. ಎರಡೂ ಜ್ಯಾಕಿನ ಬುಡದಲ್ಲೇ. ಈಗ ಪ್ಲೇಯರ್‌ಗೆ ಎಲ್ ಆಕಾರದ ಪಿನ್ ಇರುವ ಒಂದು ಗೇಣು ಎಕ್ಸ್‌ಟೆನ್ಷನ್ ಹಾಕಿ, ಇಯರ್‌ಫೋನನ್ನು ಅದಕ್ಕೆ ಸೇರಿಸುತ್ತೇನೆ. ಜೋರಾಗಿ ಎಳೆದರೆ ಆ ಜೋಡಣೆ ಬಿಟ್ಟುಕೊಳ್ಳುತ್ತೆ, ಏನೂ ಮುರಿಯಲ್ಲ. ವೈರ್ ಪೂರ್ತಿ ಜಾಕೆಟ್ ಒಳಗೆ. ಪ್ಲೇಯರ್ ಇಡುವ ಜಾಗಕ್ಕೂ ಇಷ್ಟೇ ಪರದಾಟ. ಸೊಂಟಕ್ಕೆ ಹಾಕಿದರೆ ಬಗ್ಗಬೇಕು, ಟ್ಯಾಂಕ್ ಬ್ಯಾಗಿನಲ್ಲಿಟ್ಟರೆ ಕಣ್ಣು ಕೆಳಗೆ ಹೋಗುತ್ತೆ, ಕಾಲರ್‌ಗೆ ಸಿಕ್ಕಿಸಿದರೆ ಗಾಳಿಗೆ ಪಟಪಟ ಹೊಡೆಯುತ್ತೆ. ಎದೆಯ ಬಲಗಡೆ, ಜಾಕೆಟ್ಟಿನ ಒಳ ಅಂಚಿಗೆ ಸಿಕ್ಕಿಸಿ ಬಟ್ಟೆಯ ಮೇಲಿಂದಲೇ ಒತ್ತುವುದು ಸರಿಹೋಯಿತು. ಎಡಗೈ ಅಡ್ಡ ಬಂದರೆ ನೇರ ಅಲ್ಲಿಗೇ ಬೀಳುತ್ತೆ. ನಿಲ್ಲಿಸುವ ಬಟನ್ ಮೇಲೆ ಅಂಟಿನ ಒಂದು ಹನಿ ಹಾಕಿ ಉಬ್ಬಿಸಿದ್ದೇನೆ. ಎರಡು ಅಂಟು ಬಿಸಿಲಿಗೆ ಕಿತ್ತು ಬಂದವು, ಮೂರನೆಯದು ಕೂತಿದೆ.

ಬೈಕಿನ ಕರೆಂಟಿನಲ್ಲೇ ಚಾರ್ಜ್ ಮಾಡುವ ಪ್ರಯೋಗವೂ ಆಯಿತು. ಪ್ಲೇಯರ್, ಇಂಟರ್‌ಕಾಮ್ ಎರಡನ್ನೂ ಬೈಕಿನ ಯುಎಸ್‌ಬಿಗೆ ಕೊಟ್ಟು, ನಡುವೆ ಆಡಿಯೋ ವೈರ್ ಹಾಕಿದೆ. ಇಂಜಿನ್ ವೇಗ ಏರಿದ ಹಾಗೆ ಕಿವಿಯಲ್ಲಿ ಸೀಟಿಯೂ ಏರುತ್ತಿತ್ತು. ಗ್ರೌಂಡ್ ಲೂಪ್ ಐಸೊಲೇಟರ್ (ಎರಡು ಸಾಧನ ಒಂದೇ ಕರೆಂಟಿಗೆ ಸೇರಿದಾಗ ಆಡಿಯೋ ವೈರಿನಲ್ಲಿ ನುಗ್ಗುವ ಸದ್ದನ್ನು ತಡೆಯುವ ಪುಟ್ಟ ಸಾಧನ) ಹಾಕಿದ ಮೇಲೆ ಸೀಟಿ ನಿಂತಿತು, ಅದು ಕೆಲಸ ಮಾಡುತ್ತೆ, ಬೇಕಿದ್ದವರು ಮಾಡಿ ನೋಡಿ. ನಾನು ಬಿಟ್ಟೆ. ಬೈಕಿಗೂ ಮೈಗೂ ನಡುವೆ ವೈರ್ ಇದ್ದರೆ ಬಿದ್ದಾಗ ಏನಾಗುತ್ತೆ ಅನ್ನುವ ಯೋಚನೆ ಬಂತು.

ಹೊಸದಾಗಿದ್ದಾಗ ಕ್ಲಿಪ್ ಪ್ಲಸ್ ಹದಿನೈದು ಗಂಟೆ ಹಾಡುತ್ತಿತ್ತಂತೆ, ನನ್ನದು ಈಗ ಒಂಬತ್ತು ಹತ್ತು ಗಂಟೆ. ಒಂದು ದಿನದ ಸವಾರಿಗೆ ಸಾಕು. ಕೊಂಡ ಎರಡನೇ ಪೀಸಿನ ಬ್ಯಾಟರಿ ಮೊದಲೇ ಸತ್ತಿತ್ತು. ವೈರ್ ಬೋರ್ಡಿಗೆ ಬೆಸುಗೆ ಆಗಿರುವುದರಿಂದ ಸುಮ್ನೆ ಕಿತ್ತು ಹಾಕೋಕಾಗಲ್ಲ. ಅಳತೆಗೆ ಸರಿಯಾದ ಬ್ಯಾಟರಿ ತರಿಸಿದ್ದೇನೆ, ಈ ಭಾನುವಾರ ಸಣ್ಣ ಮೊನೆಯ ಸೋಲ್ಡರಿಂಗ್ ಐರನ್ ಹಿಡಿದು ಕೂರಬೇಕು.