ಎಂಟು ಹಿಟ್ ಪಾಯಿಂಟ್‌ನ ಮಾಂತ್ರಿಕೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕತೆ ಕಟ್ಟುವ ಆಟ. ಅದರಲ್ಲಿ ನನ್ನ ಪಾತ್ರದ ಹೆಸರು ಇಳಾ. ಊರೂರು ಅಲೆಯುವ ಮಾಂತ್ರಿಕೆ. ನಾವು ಆಡುವುದು 2014ರ ಐದನೇ ಆವೃತ್ತಿಯ ನಿಯಮದಂತೆ. ಅದರಲ್ಲಿ ಮಾಂತ್ರಿಕರಿಗೆ ಮೊದಲ ಲೆವೆಲ್‌ನಲ್ಲಿ 6 ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಅಂಕ. ಇಳಾಳ ಮೈಕಟ್ಟಿಗೆ ಇನ್ನೆರಡು ಸೇರಿ 8. ಒಂದು ಕತ್ತಿಯೇಟು ಸರಿಯಾಗಿ ಬಿದ್ದರೆ ನೆಲ ಕಚ್ಚಿದಳು ಅಂತಲೇ ಲೆಕ್ಕ.

ಜೊತೆಯವರೆಲ್ಲ ಒಳ್ಳೆ ಕವಚ ಕೊಳ್ಳುವಾಗ ಇವಳು ಶಾಯಿ ಕೊಳ್ಳುತ್ತಾಳೆ. ಶುರುವಿನಲ್ಲಿ ಅವಳ ಪುಸ್ತಕದಲ್ಲಿ ಇರುವುದು ಆರೇ ಮಂತ್ರ. ಅವಳು ಲೆವೆಲ್ ಏರಿದಾಗಲೆಲ್ಲ ಎರಡು ಪುಕ್ಕಟೆ ಸಿಗುತ್ತವೆ. ಉಳಿದದ್ದನ್ನು ಹುಡುಕಿ ನಕಲು ಮಾಡಿಕೊಳ್ಳಬೇಕು. ಮಂತ್ರಗಳಿಗೂ ಅವುಗಳದೇ ಲೆವೆಲ್ ಇರುತ್ತದೆ; ಅದರ ಒಂದೊಂದು ಲೆವೆಲ್‌ಗೂ 2 ಗಂಟೆ, 50 ಚಿನ್ನದ ನಾಣ್ಯ. ಅದಕ್ಕೇ ಪಾಳುಬಿದ್ದ ಗೋಪುರಕ್ಕೆ ನುಗ್ಗಿದರೆ ಎಲ್ಲರೂ ಪೆಟ್ಟಿಗೆ ಒಡೆಯುತ್ತಿರುತ್ತಾರೆ, ಇಳಾ ಸತ್ತ ಮಾಂತ್ರಿಕನ ಕಪಾಟು ತಡಕಾಡುತ್ತಿರುತ್ತಾಳೆ. ಪುಸ್ತಕ ಕಳೆದರೆ ಬದುಕೇ ಹೋಯಿತು. ಇನ್ನೊಂದು ಪ್ರತಿ ಮಾಡಿಡುವುದು ಅಗ್ಗ: ಲೆವೆಲ್‌ಗೆ 1 ಗಂಟೆ, 10 ನಾಣ್ಯ. ಆದರೂ ಜಾಸ್ತಿ ಜನ ಮಾಡಿಡುವುದಿಲ್ಲ, ಯಾಕೋ.

ಮೊದಲ ಆರು ಮಂತ್ರಗಳಲ್ಲಿ ನಾನು ಬೆಂಕಿ ಕಾರುವುದನ್ನು ಒಂದೂ ತೆಗೆದುಕೊಳ್ಳಲಿಲ್ಲ. ಏಟು ತಪ್ಪಿಸುವ ಶೀಲ್ಡ್, ಎದುರಾಳಿಗಳನ್ನು ಮಲಗಿಸುವ ಸ್ಲೀಪ್, ಬಿದ್ದರೆ ನಿಧಾನಕ್ಕೆ ಇಳಿಸುವ ಫೆದರ್ ಫಾಲ್, ಇಂಥವೇ. ಐದನೇ ಲೆವೆಲ್‌ಗೆ ಬಂದ ಮೇಲೆ ಫೈರ್‌ಬಾಲ್ ಕಲಿತಳು, ಇಲ್ಲ ಅನ್ನುವುದಿಲ್ಲ. 8 ದಾಳ ಒಟ್ಟಿಗೆ ಉರುಳಿಸುವ ಖುಷಿಯೇ ಬೇರೆ. (ಅದಕ್ಕೆ ಬೇಕಾದ ಸಾಮಗ್ರಿ ಬಾವಲಿ ಹಿಕ್ಕೆ ಮತ್ತು ಗಂಧಕ. ಚಿತ್ರಗಳಲ್ಲಿ ಮಾಂತ್ರಿಕೆಯರಿಗೆ ರೇಷ್ಮೆ ನಿಲುವಂಗಿ ತೊಡಿಸುವವರು ಆ ಜೇಬಿನ ವಾಸನೆ ಯೋಚಿಸಿರಲಿಕ್ಕಿಲ್ಲ.) ಆದರೆ ಇಕ್ಕಟ್ಟಿನ ಜಾಗದಲ್ಲಿ ಅದು ಕೆಲಸಕ್ಕೆ ಬಾರದು. ಬಿದ್ದ ಜಾಗದ ಸುತ್ತ 20 ಅಡಿ ಸುಡುತ್ತದೆ, ಅಲ್ಲಿ ನಮ್ಮವರಿದ್ದರೂ ಸುಡುತ್ತದೆ.

ಮೂರನೇ ಲೆವೆಲ್‌ನಲ್ಲಿ ಒಮ್ಮೆ ಸುರಂಗದಲ್ಲಿ ಸಿಕ್ಕಿಬಿದ್ದೆವು. ಎದುರಿಗೆ ಎರಡು ಓಗರ್ ಅನ್ನುವ ದೈತ್ಯರು, ಅವುಗಳ ಹಿಂದೆ ಒಬ್ಬ ಬಿಲ್ಲುಗಾರ. ಒಂದು ಓಗರ್‌ಗೇ 59 ಹಿಟ್ ಪಾಯಿಂಟ್. ಇಳಾ ವೆಬ್ ಹಾಕಿದಳು. ಗೋಡೆಯಿಂದ ಗೋಡೆಗೆ ಅಂಟುಬಲೆ ಹಬ್ಬಿತು, ಎರಡೂ ಸಿಕ್ಕಿಕೊಂಡವು. ಸಿಕ್ಕಿಕೊಂಡವರಿಗೆ ಹೊಡೆಯುವವರು ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ನಮ್ಮ ಕತ್ತಿಯವಳಿಗೆ ಹಬ್ಬ. ಆದರೆ ಬಲೆ ಉಳಿಯಬೇಕಾದರೆ ಇಳಾ ಮನಸ್ಸು ಬಿಗಿಹಿಡಿದಿರಬೇಕು. ಅಷ್ಟರಲ್ಲಿ ಬಾಣ ಬಂದು ತಗುಲಿತು. ಏಕಾಗ್ರತೆ ಉಳಿಯಲು 10 ಬೇಕು. 20 ಮುಖದ ದಾಳ ಉರುಳಿಸಿದೆ, 9. ಮೇಜಿನ ಸುತ್ತ ಎಲ್ಲರೂ ‘ಅಯ್ಯೋ’ ಅಂದರು. ಮೈಕಟ್ಟಿನ ಎರಡು ಸೇರಿ 11 ಅಂತ ಹೇಳುವಾಗ ನಾನು ಸ್ವಲ್ಪ ಬೇಕಂತಲೇ ತಡ ಮಾಡಿದೆ. ಬಲೆ ನಿಂತಿತು. ಇಳಾಳಿಂದ ಆ ಓಗರ್‌ಗಳಿಗೆ ಒಂದು ಗೀರೂ ಬೀಳಲಿಲ್ಲ, ಗೆದ್ದದ್ದು ಮಾತ್ರ ಅವಳ ಬಲೆಯಿಂದ.

ಇನ್ನು ಗೂಬೆ. ಫೈಂಡ್ ಫೆಮಿಲಿಯರ್ ಮಂತ್ರ ಕಲಿತರೆ ಒಂದು ಪುಟ್ಟ ಪ್ರಾಣಿ ಜೊತೆಗಿರುತ್ತದೆ. 100 ಅಡಿಯೊಳಗೆ ಇದ್ದರೆ ಅದರ ಕಣ್ಣಿಂದ ನೋಡಬಹುದು. ಆ ಹೊತ್ತಿನಲ್ಲಿ ಇಳಾಗೆ ತನ್ನ ಸುತ್ತಲಿನದು ಏನೂ ಕಾಣದು, ಕೇಳದು. ಹಾಗಾಗಿ ಯಾರಾದರೂ ಪಕ್ಕದಲ್ಲೇ ಕಾವಲು ನಿಲ್ಲಲೇಬೇಕು. ಗೂಬೆಗೆ ಇರುವುದು 1 ಹಿಟ್ ಪಾಯಿಂಟ್. ಸತ್ತರೆ 10 ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆ ಸುಟ್ಟು ಮತ್ತೆ ಕರೆಯಬಹುದು.

ಹೆಣ್ಣು ಪಾತ್ರ ಯಾಕೆ ಅಂತ ಕೇಳುವವರು ಈಗಲೂ ಇದ್ದಾರೆ. 1978ರ ನಿಯಮಪುಸ್ತಕದಲ್ಲಿ ಮನುಷ್ಯ ಹೆಣ್ಣಿನ ದೇಹಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ ಇಟ್ಟಿದ್ದರು. 1989ರ ಎರಡನೇ ಆವೃತ್ತಿಯಲ್ಲಿ ಅದು ಹೋಯಿತು. ಇಳಾಳ ದೇಹಬಲ 8, ಕಡಿಮೆಯೇ. ಅದು ನಾನೇ ಆರಿಸಿದ್ದು, ಅಂಕವೆಲ್ಲ ಬುದ್ಧಿಗೆ ಹಾಕಿದೆ. ನಮ್ಮ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ನಡೆಸುವ ಊರುಗಳಲ್ಲಿ ಕಾವಲುಗಾರರು ಕವಚ ತೊಟ್ಟವರನ್ನು ತಡೆದು ಮಾತಾಡಿಸುತ್ತಾರೆ, ಹಿಂದೆ ಪುಸ್ತಕ ಹಿಡಿದು ಬರುವವಳನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನಾನು ಅವರನ್ನು ತಿದ್ದಲು ಹೋಗಿಲ್ಲ.